ಕರಾವಳಿಯ ಚಳಿಗಾಲ: ಇಂಗ್ಲೆಂಡಿನಲ್ಲಿ ಸಮುದ್ರಸ್ನಾನ, ವಾದ್ಯವೃಂದ ಮತ್ತು ಸಂಗೀತವಿಮರ್ಶೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪಟ್ಟಣಗಳನ್ನು ಬೇಸಗೆಯ ರಜೆಯೊಂದಿಗೆ ಹೊಂದಿಸಿ ನೋಡುವುದು ಇಂದು ರೂಢಿಯಾಗಿದ್ದರೂ, ಆ ಪಟ್ಟಣಗಳು ಬೆಳೆದದ್ದು ವಿಹಾರಿಗಳಿಗಿಂತ ಮೊದಲೇ ಬಂದ ರೋಗಿಗಳಿಂದ, ಅದರಲ್ಲಿಯೂ ಚಳಿ ಹಿಡಿದ ಮೇಲೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತಿದ್ದ ರೋಗಿಗಳಿಂದ ಎಂಬುದನ್ನು ಗಮನಿಸದೆ ಹೋದರೆ ಅಲ್ಲಿನ ಸಂಗೀತದ ಇತಿಹಾಸಕ್ಕೆ ತಲೆಬುಡ ಸಿಗುವುದಿಲ್ಲ. ಲಂಡನ್ನಿನ ಬಹುಪಾಲು ವಾದಕರು ಕಛೇರಿಗೊಂದು ಕೂಲಿಯಂತೆ ದುಡಿಯುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಬೋರ್ನ್‌ಮತ್ ಎಂಬ ಕಡಲತೀರದ ಪಟ್ಟಣ ನಗರಸಭೆಯ ಬೊಕ್ಕಸದಿಂದ ಒಂದು ವಾದ್ಯವೃಂದವನ್ನು, ಅಂದರೆ ತಂತಿ, ಗಾಳಿ ಮತ್ತು ತಾಳವಾದ್ಯಗಳ ಹತ್ತಾರು ವಾದಕರು ಒಬ್ಬ ನಿರ್ದೇಶಕನ ಕೈಸನ್ನೆಗೆ ನುಡಿಸುವ ತಂಡವನ್ನು, ವರ್ಷವಿಡೀ ಸಾಕಿತು. ಇದನ್ನು ಆ ಪಟ್ಟಣದ ಹಿರಿಯರ ರಸಿಕತೆಗೆ ಸಲ್ಲಿಸುವುದು ಸ್ಥಳೀಯ ಚರಿತ್ರೆಗಳ ವಾಡಿಕೆ. ರಸಿಕತೆಯ ಪಾಲು ಇದ್ದಿರಬಹುದು. ಆದರೆ ಅದರ ಹಿಂದೆ ಒಂದೂಮುಕ್ಕಾಲು ಶತಮಾನದ ವೈದ್ಯಕೀಯ ನಂಬಿಕೆ, ರೈಲುಹಾದಿ, ಕ್ಷಯರೋಗ ಮತ್ತು ಹೊತ್ತು ಹೋಗದ ಚಳಿಗಾಲದ ಮಧ್ಯಾಹ್ನಗಳು ಕೂಡಿ ಕೆಲಸ ಮಾಡಿದ್ದವು.

ತಣ್ಣೀರಿನ ಸ್ನಾನ ದೇಹಕ್ಕೆ ಒಳ್ಳೆಯದು ಎಂಬ ವಾದವನ್ನು ಇಂಗ್ಲೆಂಡಿನಲ್ಲಿ ಶಾಸ್ತ್ರವಾಗಿ ಕಟ್ಟಿದವನು ಲಿಚ್‌ಫೀಲ್ಡ್ ನಗರದ ವೈದ್ಯ ಸರ್ ಜಾನ್ ಫ್ಲಾಯರ್. 1697ರಲ್ಲಿ ಆತ ಪ್ರಕಟಿಸಿದ ಸ್ನಾನವಿಚಾರದ ಗ್ರಂಥ ಮತ್ತು ಅದರ ಬೆನ್ನಿಗೇ ಬಂದ ತಣ್ಣೀರು ಸ್ನಾನದ ಚರಿತ್ರೆ ಪ್ರಚಾರಕ್ಕೆ ಬಂದ ಮೇಲೆ, ಬಾವಿ, ಬುಗ್ಗೆಗಳ ನೀರಿಗೆ ಸಲ್ಲುತ್ತಿದ್ದ ಗುಣಗಳನ್ನು ಸಮುದ್ರಕ್ಕೂ ಆರೋಪಿಸುವುದು ಸುಲಭವಾಯಿತು. ಯಾರ್ಕ್‌ಷೈರ್ ಪ್ರಾಂತದ ಸ್ಕಾರ್‌ಬರೋದಲ್ಲಿ ಮೊದಲೇ ಔಷಧಿಗುಣದ ಬುಗ್ಗೆಯೊಂದು ಕಡಲಂಚಿನಲ್ಲಿಯೇ ಇದ್ದುದರಿಂದ, ಬುಗ್ಗೆಯ ನೀರು ಕುಡಿಯಲು ಬಂದವರು ಎದುರಿಗಿದ್ದ ಕಡಲಿಗೂ ಇಳಿಯತೊಡಗಿದರು. 1735ರ ಒಂದು ಮುದ್ರಿತ ಚಿತ್ರದಲ್ಲಿ ಅಲ್ಲಿನ ತೀರದ ಮೇಲೆ ಗಾಲಿಗಳ ಸ್ನಾನಗೂಡು ಕಾಣುತ್ತದೆ. ಸಸೆಕ್ಸಿನ ಲೂಯಿಸ್ ಪಟ್ಟಣದ ವೈದ್ಯ ರಿಚರ್ಡ್ ರಸೆಲ್ ಗ್ರಂಥಿರೋಗಗಳಿಗೆ ಸಮುದ್ರದ ನೀರೇ ಮದ್ದು ಎಂದು 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಪ್ರಬಂಧ ಇಂಗ್ಲಿಷಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಆತ ಸಮೀಪದ ಬೆಸ್ತರ ಹಳ್ಳಿಯೊಂದರಲ್ಲಿ ಮನೆ ಕಟ್ಟಿ ರೋಗಿಗಳನ್ನು ಅಲ್ಲಿಗೇ ಕರೆಸಿಕೊಳ್ಳತೊಡಗಿದ. ಆ ಹಳ್ಳಿಯೇ ಮುಂದೆ ಬ್ರೈಟನ್ ನಗರವಾಯಿತು. ರಸೆಲ್‌ನ ಚಿಕಿತ್ಸೆಯಲ್ಲಿ ಮುಳುಗುವುದಷ್ಟೇ ಅಲ್ಲದೆ ಸಮುದ್ರದ ನೀರನ್ನು ಕುಡಿಯುವುದೂ ಸೇರಿತ್ತು ಎಂಬುದನ್ನು ನೆನೆದರೆ, ಆ ಕಾಲದ ರೋಗಿಗಳ ಸಹನೆಯ ಬಗ್ಗೆ ಗೌರವ ಮೂಡುತ್ತದೆ.

ಈ ಚಿಕಿತ್ಸೆಗೆ ತಂಪು ಎಷ್ಟಿದ್ದರೆ ಅಷ್ಟು ಮೇಲು. ತಣ್ಣೀರಿನ ಆಘಾತದಿಂದ ಚರ್ಮದ ರಂಧ್ರಗಳು ಮುಚ್ಚಿಕೊಂಡು ನರಗಳು ಬಿಗಿಯಾಗುತ್ತವೆ ಎಂದು ನಂಬಿದ್ದ ವೈದ್ಯರಿಗೆ ಬೇಸಗೆಯ ಬೆಚ್ಚನೆಯ ನೀರು ನಿರುಪಯುಕ್ತವಾಗಿ ಕಂಡಿದ್ದು ಸಹಜ. ಆದ್ದರಿಂದ ಬೆಳಗಿನ ಜಾವವೇ ಸ್ನಾನದ ಹೊತ್ತು, ಶರತ್ಕಾಲದಿಂದಾಚೆಗೆ ಸ್ನಾನದ ಋತು. ಕುದುರೆ ಎಳೆಯುತ್ತಿದ್ದ ನಾಲ್ಕು ಗಾಲಿಯ ಮರದ ಗೂಡಿನೊಳಗೆ ಬಟ್ಟೆ ಬದಲಾಯಿಸಿಕೊಂಡ ರೋಗಿಯನ್ನು ಗೂಡಿನ ಸಮೇತ ನೀರಿಗೆ ಇಳಿಸಿ, ಅಲ್ಲಿ ಕಾದು ನಿಂತ ಗಟ್ಟಿಮುಟ್ಟಾದ ಹೆಂಗಸರು ರಟ್ಟೆ ಹಿಡಿದು ಮುಳುಗು ಹಾಕಿಸುತ್ತಿದ್ದರು. ಗಂಡಸರಿಗೆ ಗಂಡಾಳುಗಳೇ ಬೇರೆ ಇರುತ್ತಿದ್ದರು. ಬ್ರೈಟನ್ನಿನ ಮಾರ್ಥಾ ಗನ್ ಎಂಬಾಕೆ ಈ ಕಸುಬಿನಿಂದಲೇ ದೇಶಕ್ಕೆಲ್ಲ ಪರಿಚಿತಳಾಗಿ, 1815ರಲ್ಲಿ ಎಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡಳು. ಈಜುವುದಕ್ಕೂ ಈ ಸ್ನಾನಕ್ಕೂ ಸಂಬಂಧವಿರಲಿಲ್ಲ. ನೀರಿಗಿಳಿದವರಲ್ಲಿ ಬಹುಮಂದಿಗೆ ಈಜು ಬರುತ್ತಿರಲಿಲ್ಲ, ಬರಬೇಕೆಂದು ಯಾರೂ ನಿರೀಕ್ಷಿಸುತ್ತಲೂ ಇರಲಿಲ್ಲ.

ಸಂಗೀತ, ಪ್ರಯಾಣ ಮತ್ತು ಚಳಿಗಾಲದ ಕಡಲು ಮೂರೂ ಒಂದೇ ಮನೆಯೊಳಗೆ ಕೂಡಿದ ಉದಾಹರಣೆ ಬರ್ನಿ ಕುಟುಂಬದ್ದು. ಚಾರ್ಲ್ಸ್ ಬರ್ನಿ ಸಂಗೀತ ಶಿಕ್ಷಕನಾಗಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದವನು. ಸಂಗೀತದ ಚರಿತ್ರೆಯನ್ನು ಬರೆಯಬೇಕೆಂಬ ಹಂಬಲದಿಂದ 1770ರಲ್ಲಿ ಫ್ರಾನ್ಸ್ ಮತ್ತು ಇಟಲಿಗಳನ್ನೂ, 1772ರಲ್ಲಿ ಜರ್ಮನಿ ಮತ್ತು ನೆದರ್‌ಲೆಂಡ್ಸ್‌ಗಳನ್ನೂ ಸುತ್ತಿ, ಚರ್ಚು, ಅರಮನೆ, ನಾಟಕಶಾಲೆಗಳಲ್ಲಿ ಕೇಳಿದ್ದನ್ನೆಲ್ಲ ದಿನಚರಿಯ ರೂಪದಲ್ಲಿ ದಾಖಲಿಸಿದ. ಹಳೆಯ ಗ್ರಂಥಗಳಲ್ಲಿ ಇರುವುದನ್ನು ಒಪ್ಪಿಸುವುದರ ಬದಲು ಸ್ವಂತ ಕಿವಿಗೆ ಬಿದ್ದದ್ದನ್ನು ತೂಗಿ ಹೇಳುವ ಬರವಣಿಗೆಗೆ, ಅಂದರೆ ಮುಂದೆ ಪತ್ರಿಕೆಗಳ ಸಂಗೀತವಿಮರ್ಶೆಯಾಗಿ ಬೆಳೆದ ಕಸುಬಿಗೆ, ಈ ಎರಡು ಪ್ರವಾಸಗಳ ಕುರಿತು 1771 ಮತ್ತು 1773ರಲ್ಲಿ ಅಚ್ಚಾದ ಪುಸ್ತಕಗಳು ಇಂಗ್ಲಿಷಿನಲ್ಲಿ ಮೊದಲ ಮಾದರಿಗಳೆಂದರೆ ತಪ್ಪಾಗದು. ಎರಡನೆಯ ಪ್ರವಾಸದಿಂದ ಮರಳುವಾಗ ಡಿಸೆಂಬರಿನ ಬಿರುಗಾಳಿಗೆ ಸಿಕ್ಕಿ ಹೈರಾಣಾದ ಬರ್ನಿ, ಹಡಗು ಡೋವರ್ ಬಂದರನ್ನು ತಲುಪಿದಾಗ ಇಳಿಯಲು ತ್ರಾಣವಿಲ್ಲದೆ ಅಲ್ಲಿಯೇ ಮಲಗಿ ನಿದ್ದೆ ಹೋಗಿ, ಎಚ್ಚರವಾಗುವಷ್ಟರಲ್ಲಿ ಅದೇ ಹಡಗಿನಲ್ಲಿ ಮತ್ತೆ ಫ್ರಾನ್ಸಿನ ಕಡೆಗೆ ಸಾಗಿದ್ದ ಎಂದು ಆತನ ಮಗಳು ತಂದೆಯ ಜೀವನಚರಿತ್ರೆಯಲ್ಲಿ ಬರೆದಿದ್ದಾಳೆ.

ಆ ಮಗಳು ಕಾದಂಬರಿಗಾರ್ತಿ ಫ್ಯಾನಿ ಬರ್ನಿ. ಚಳಿಗಾಲದ ಸಮುದ್ರಸ್ನಾನದ ಬಗ್ಗೆ ಹದಿನೆಂಟನೆಯ ಶತಮಾನದಿಂದ ಉಳಿದುಬಂದಿರುವ ಸಾಕ್ಷ್ಯಗಳಲ್ಲಿ ಆಕೆಯ ದಿನಚರಿಗೆ ಸಾಟಿಯಾದದ್ದು ಕಡಮೆ. 1782ರ ನವೆಂಬರ್ 20ರಂದು ಬೆಳಿಗ್ಗೆ ಆರಕ್ಕೆ ಎದ್ದು, ಬೆಳಕು ಹರಿಯುವ ಮೊದಲೇ ತಿಂಗಳ ಬೆಳಕಿನಲ್ಲಿ, ಗೆಳತಿ ಮಿಸೆಸ್ ಥ್ರೇಲ್ ಮತ್ತು ಆಕೆಯ ಮೂವರು ಹೆಣ್ಣುಮಕ್ಕಳೊಂದಿಗೆ ಬ್ರೈಟನ್ನಿನ ಕಡಲಿಗೆ ಇಳಿದು ಮುಳುಗು ಹಾಕಿ ಬಂದದ್ದನ್ನು ಆಕೆ ನಿರಾಡಂಬರವಾಗಿ ಬರೆದಿಟ್ಟಿದ್ದಾಳೆ. ಅದನ್ನು ಸಾಹಸವೆಂದು ಎಣಿಸಿದ ಸುಳಿವು ಅಲ್ಲಿಲ್ಲ. ಮುಂದೆ ಆಕೆ ರಾಣಿ ಷಾರ್ಲೆಟ್‌ಳ ಓಲಗದಲ್ಲಿ ಉಡುಪುಗಳ ಮೇಲ್ವಿಚಾರಕಿಯಾಗಿದ್ದಾಗ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಮೂರನೆಯ ಜಾರ್ಜ್ ದೊರೆ 1789ರಲ್ಲಿ ವೇಮತ್ ಪಟ್ಟಣದ ಕಡಲಲ್ಲಿ ಸ್ನಾನ ಮಾಡಿದ್ದನ್ನೂ ಕಂಡಳು. ದೊರೆಯ ತಲೆ ನೀರಿನೊಳಗೆ ಹೋದ ಕ್ಷಣಕ್ಕೆ ಸರಿಯಾಗಿ, ಪಕ್ಕದ ಸ್ನಾನಗೂಡಿನಲ್ಲಿ ಅಡಗಿ ಕುಳಿತಿದ್ದ ವಾದಕರು ರಾಜಗೀತೆಯನ್ನು ನುಡಿಸಿದರಂತೆ. ಇಂಗ್ಲೆಂಡಿನ ಸಮುದ್ರಸ್ನಾನಕ್ಕೂ ವಾದ್ಯಸಂಗೀತಕ್ಕೂ ಒದಗಿದ ಮೊದಲ ಪ್ರಸಿದ್ಧ ಜೋಡಿ ಇದೇ ಇರಬೇಕು. ನಗು ಬರಿಸುವಂಥ ಜೋಡಿ ಎಂಬುದು ಬೇರೆ ಮಾತು.

ಈ ದೊರೆಯ ಹಿರಿಯ ಮಗ, ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದವನು, 1783ರಲ್ಲಿ ಮೊದಲ ಬಾರಿಗೆ ಬ್ರೈಟನ್ನಿಗೆ ಬಂದು, ಅಲ್ಲಿಯೇ ನೆಲೆಯೂರಿ, ಜಾನ್ ನ್ಯಾಷ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಭಾರತದ ಗುಮ್ಮಟಗಳನ್ನು ನೆನಪಿಸುವ ರಾಯಲ್ ಪೆವಿಲಿಯನ್ ಅರಮನೆಯನ್ನು ಕಟ್ಟಿಸಿದ. ಅವನಿಗೆ ಗಾಳಿವಾದ್ಯಗಳ ದೊಡ್ಡ ಖಾಸಗಿ ತಂಡವೊಂದಿತ್ತು. 1823ರ ಡಿಸೆಂಬರಿನಲ್ಲಿ ಇಟಲಿಯ ಆಪೆರಾ ರಚನಕಾರ ರೊಸ್ಸೀನಿ ಇಂಗ್ಲೆಂಡಿಗೆ ಬಂದಾಗ, ತಿಂಗಳ ಕೊನೆಯಲ್ಲಿ ಅವನನ್ನು ಬ್ರೈಟನ್ನಿಗೆ ಕರೆಸಿಕೊಂಡ ದೊರೆ, ಆ ತಂಡದಿಂದ ರೊಸ್ಸೀನಿಯದೇ ಕೃತಿಯನ್ನು ನುಡಿಸಿ ಸ್ವಾಗತಿಸಿದ. ರೊಸ್ಸೀನಿ ತಾನೇ ಹಾಡಿ ಅದಕ್ಕೆ ಉತ್ತರ ಕೊಟ್ಟ. ಡಿಸೆಂಬರಿನ ಕಡಲತೀರದಲ್ಲಿ ಯುರೋಪಿನ ಅತ್ಯಂತ ಬೇಡಿಕೆಯ ಸಂಗೀತಗಾರ ಕಾಣಿಸಿಕೊಳ್ಳುವುದು ಆಗಿನವರಿಗೆ ವಿಚಿತ್ರವೆನಿಸಲಿಲ್ಲ. 1841ರಲ್ಲಿ ಲಂಡನ್ನಿನಿಂದ ರೈಲು ಬಂದ ಮೇಲಂತೂ ಒಂದು ದಿನದ ಅಗ್ಗದ ಪ್ರವಾಸಿಗಳು ಬೇಸಗೆಯಲ್ಲಿ ಮುಗಿಬಿದ್ದುದರಿಂದ, ಅವರೊಡನೆ ಮೈ ತಾಗಿಸಿಕೊಳ್ಳಲು ಒಲ್ಲದ ಸಿರಿವಂತರು ತಮ್ಮ ಋತುವನ್ನು ಇನ್ನೂ ಮುಂದಕ್ಕೆ, ಅಕ್ಟೋಬರಿನಿಂದ ಕ್ರಿಸ್ಮಸ್ಸಿನವರೆಗಿನ ತಿಂಗಳುಗಳಿಗೆ ತಳ್ಳಿಕೊಂಡರು. ಹೀಗೆ ವೈದ್ಯರು ಆರಂಭಿಸಿದ ಚಳಿಗಾಲದ ರೂಢಿಯನ್ನು ವರ್ಗಭೇದ ಗಟ್ಟಿಮಾಡಿತು.

ಅಷ್ಟರಲ್ಲಿ ಲಂಡನ್ನಿನಲ್ಲಿಯೂ ಚಳಿಗಾಲ ಕಛೇರಿಗಳ ಕಾಲವಾಗಿ ಸ್ಥಿರಗೊಂಡಿತ್ತು. ಆಪೆರಾ ಮತ್ತು ಶ್ರೀಮಂತರ ಔತಣಗಳು ಮೇ ತಿಂಗಳಿನಿಂದ ಜುಲೈವರೆಗೆ ನಡೆಯುತ್ತಿದ್ದರೆ, ಗಂಭೀರ ವಾದ್ಯಸಂಗೀತ ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಮಂಜು, ಮಬ್ಬುಗಳ ನಡುವೆ ಕೇಳಿಬರುತ್ತಿತ್ತು. ನಗರದ ಆಗ್ನೇಯಕ್ಕಿರುವ ಸಿಡನ್‌ಹ್ಯಾಮ್ ಗುಡ್ಡದ ಮೇಲೆ ಮರುನಿರ್ಮಾಣಗೊಂಡ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಸೌಧದಲ್ಲಿ, ಪ್ರಷ್ಯಾ ಮೂಲದ ಆಗಸ್ಟ್ ಮಾನ್ಸ್ 1855ರಿಂದ 1901ರವರೆಗೆ ನಡೆಸಿದ ಶನಿವಾರದ ಮಧ್ಯಾಹ್ನದ ಕಛೇರಿಗಳು ಇವುಗಳಲ್ಲಿ ಮುಖ್ಯವಾದವು. ಆ ಸೌಧದ ಕಾರ್ಯದರ್ಶಿ ಜಾರ್ಜ್ ಗ್ರೋವ್ ವೃತ್ತಿಯಿಂದ ಸೇತುವೆ, ದೀಪಸ್ತಂಭಗಳ ಎಂಜಿನಿಯರ್. ಕೇಳಲಿರುವ ಕೃತಿಯ ರಚನೆಯನ್ನು ಸಾಮಾನ್ಯ ಕೇಳುಗನಿಗೆ ಬಿಡಿಸಿ ಹೇಳುವ ಮುದ್ರಿತ ಟಿಪ್ಪಣಿಗಳನ್ನು ಆತ ನಾಲ್ಕು ದಶಕ ಬರೆದ. 1867ರಲ್ಲಿ ರಚನಕಾರ ಆರ್ಥರ್ ಸಲಿವನ್‌ನೊಂದಿಗೆ ವಿಯೆನ್ನಾಕ್ಕೆ ಹೋಗಿ ಷೂಬರ್ಟ್‌ನ ಕಣ್ಮರೆಯಾಗಿದ್ದ ನಾಟಕಸಂಗೀತದ ವಾದ್ಯಪ್ರತಿಗಳನ್ನು ಬೀರುವೊಂದರಿಂದ ಹೊರತೆಗೆದ. 1879ರಿಂದ 1889ರವರೆಗೆ ನಾಲ್ಕು ಸಂಪುಟಗಳ ಸಂಗೀತ ನಿಘಂಟನ್ನು ಸಂಪಾದಿಸಿದ. ಇಂಥ ಟಿಪ್ಪಣಿಗಳು ವಿಮರ್ಶಕರ ಕೆಲಸವನ್ನು ಹಗುರ ಮಾಡಿದ್ದಂತೂ ನಿಜ. ಮೊದಲ ಬಾರಿಗೆ ಕೇಳಿದ ಸಿಂಫನಿಯೊಂದರ, ಅಂದರೆ ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿ ಹರಡಿಕೊಳ್ಳುವ ದೀರ್ಘ ವಾದ್ಯಕೃತಿಯ, ಒಳರಚನೆಯನ್ನು ಅದೇ ರಾತ್ರಿ ಪಾಂಡಿತ್ಯಪೂರ್ಣವಾಗಿ ವಿವರಿಸಿದ ವರದಿಗಳನ್ನು ಓದುವಾಗ, ಆ ಪಾಂಡಿತ್ಯದಲ್ಲಿ ಗ್ರೋವ್‌ನ ಪಾಲೆಷ್ಟು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ದಿನಪತ್ರಿಕೆಗಳಲ್ಲಿ ಸಂಗೀತವಿಮರ್ಶೆ ಸಂಬಳದ ಕೆಲಸವಾಗಿ ನೆಲೆಗೊಂಡದ್ದೂ ಇದೇ ಕಾಲದಲ್ಲಿ. ‘ದಿ ಟೈಮ್ಸ್’ ಪತ್ರಿಕೆಗೆ ಜೆ. ಡಬ್ಲ್ಯು. ಡೇವಿಸನ್ 1846ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಬರೆದ. ಮೆಂಡೆಲ್ಸನ್‌ನ ಆರಾಧಕನಾಗಿದ್ದ ಆತ 1855ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಕ್ ಸೊಸೈಟಿಯ ಕಛೇರಿಗಳನ್ನು ನಿರ್ದೇಶಿಸಲು ಬಂದ ವಾಗ್ನರ್‌ನನ್ನು ಬಿಡದೆ ಕಾಡಿದ. ಪಿಯಾನೊ ವಾದಕಿ ಅರಬೆಲಾ ಗೊಡಾರ್ಡ್‌ಳನ್ನು ಎತ್ತಿ ಹಿಡಿದು ಬರೆದ, ಆಕೆಯನ್ನೇ ಮದುವೆಯಾದ, ಆಮೇಲೂ ವಿಮರ್ಶಕನಾಗಿ ಮುಂದುವರಿದ. ವಿಮರ್ಶಕನ ಹೆಸರು ಅಚ್ಚಾಗದ ಪದ್ಧತಿ ಇಂಥ ಇಕ್ಕಟ್ಟುಗಳನ್ನು ಓದುಗರಿಂದ ಮರೆಮಾಡುತ್ತಿತ್ತು. ಅದೇ ಪತ್ರಿಕೆಯಲ್ಲಿ ವಿಮರ್ಶಕರ ಹೆಸರು ಅಚ್ಚಾಗತೊಡಗಿದ್ದು 1967ರಲ್ಲಿ. ಬರ್ನಾರ್ಡ್ ಷಾ ನಾಟಕಕಾರನಾಗಿ ಹೆಸರು ಮಾಡುವ ಮೊದಲು, 1889ರಿಂದ ‘ದಿ ಸ್ಟಾರ್’ ಪತ್ರಿಕೆಯಲ್ಲಿ ಹಳೆಯ ವಾದ್ಯವೊಂದರ ಹೆಸರನ್ನು ಗುಪ್ತನಾಮವಾಗಿಟ್ಟುಕೊಂಡೂ, 1890ರಿಂದ 1894ರವರೆಗೆ ‘ದಿ ವರ್ಲ್ಡ್’ ವಾರಪತ್ರಿಕೆಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಿಯೂ ಬರೆದ ವಿಮರ್ಶೆಗಳು ಈ ಮುಸುಕಿನ ಗಾಂಭೀರ್ಯವನ್ನು ಕಿತ್ತೆಸೆದವು. ಷಾ ಬರೆದದ್ದರಲ್ಲಿ ಕಾದಂಬರಿ, ರಾಜಕೀಯ, ನಾಟಕಗಳೆಲ್ಲ ಮಸುಕಾದರೂ ಈ ಸಂಗೀತವಿಮರ್ಶೆ ಮಸುಕಾಗುವುದಿಲ್ಲ ಎಂದು ಹೇಳುವವರಿದ್ದಾರೆ. ಅದು ಅತಿಯಾದ ಮಾತೆಂದು ತಳ್ಳಿಹಾಕುವುದು ಸುಲಭವಲ್ಲ.

ಬೋರ್ನ್‌ಮತ್ ಪಟ್ಟಣದ ಕಥೆ ಬ್ರೈಟನ್ನಿನದಕ್ಕಿಂತ ಬೇರೆ. 1810ಕ್ಕೆ ಮೊದಲು ಅಲ್ಲಿ ಬಯಲು ಮತ್ತು ಕಳ್ಳಸಾಗಣೆಯವರ ಜಾಡುಗಳ ಹೊರತು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆ ಬಯಲಿನಲ್ಲಿ ನೆಟ್ಟ ಪೈನ್ ಮರಗಳು ಬೆಳೆದು ನಿಂತ ಮೇಲೆ, ಆ ಮರಗಳ ಗಾಳಿ ಶ್ವಾಸಕೋಶಕ್ಕೆ ಹಿತ ಎಂಬ ನಂಬಿಕೆ ಹಬ್ಬಿತು. ಇಟಲಿ ಮೂಲದ ವೈದ್ಯ ಎ. ಬಿ. ಗ್ರ್ಯಾನ್‌ವಿಲ್ 1841ರಲ್ಲಿ ಹೊರತಂದ ಇಂಗ್ಲೆಂಡಿನ ಆರೋಗ್ಯಧಾಮಗಳ ಸಮೀಕ್ಷೆಯಲ್ಲಿ, ಕ್ಷಯರೋಗಿಗಳು ಚಳಿಗಾಲ ಕಳೆಯಲು ತಕ್ಕ ಜಾಗವೆಂದು ಈ ಊರನ್ನು ಹೊಗಳಿದ. 1855ರಲ್ಲಿ ಅಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಎದ್ದಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಬೇಕು. ರಸೆಲ್‌ನ ಕಾಲದಲ್ಲಿ ಮದ್ದು ಇದ್ದದ್ದು ನೀರಿನಲ್ಲಿ. ಗ್ರ್ಯಾನ್‌ವಿಲ್‌ನ ಕಾಲಕ್ಕೆ ಅದು ಗಾಳಿಗೆ ಬಂದಿತ್ತು. ಬೋರ್ನ್‌ಮತ್ತಿನ ರೋಗಿಗಳು ಕಡಲಿಗೆ ಇಳಿಯದೆ, ಗಾಲಿಕುರ್ಚಿಗಳಲ್ಲಿ ಕಂಬಳಿ ಹೊದ್ದು ಅದರೆದುರು ಕುಳಿತರು. ಕುಳಿತವರಿಗೆ ಹೊತ್ತು ಹೋಗಬೇಕಲ್ಲ.

ಆ ಊರಿನ ಸ್ವಭಾವವನ್ನು ಒಂದೇ ಜನನದಾಖಲೆಯಲ್ಲಿ ಓದಬಹುದು. ಮುಂದೆ ಇಂಗ್ಲಿಷ್ ಸಂಗೀತದ ಹಿರಿಯನೆನಿಸಿದ ಹ್ಯೂಬರ್ಟ್ ಪ್ಯಾರಿ ಹುಟ್ಟಿದ್ದು 1848ರ ಫೆಬ್ರುವರಿ 27ರಂದು ಬೋರ್ನ್‌ಮತ್ತಿನಲ್ಲಿ. ಕ್ಷಯ ತಗುಲಿದ್ದ ತಾಯಿ ಹನ್ನೆರಡು ದಿನಕ್ಕೆ ತೀರಿಕೊಂಡಳು, ಅಲ್ಲಿನ ಚರ್ಚಿನ ಅಂಗಳದಲ್ಲಿಯೇ ಆಕೆಯನ್ನು ಮಣ್ಣು ಮಾಡಲಾಯಿತು. ಪ್ಯಾರಿ ರಚನಕಾರನಾಗಿ ಹೆಸರಾಗುವ ಮೊದಲು ಗ್ರೋವ್‌ನ ನಿಘಂಟಿಗೆ ಸಹಾಯಕ ಸಂಪಾದಕನಾಗಿ ದುಡಿದು ನೂರಕ್ಕೂ ಹೆಚ್ಚು ಲೇಖನಗಳನ್ನು ಬರೆದ. ಗ್ರೋವ್ ನಿವೃತ್ತನಾದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನ ಮುಖ್ಯಸ್ಥನಾದ. ಸಸೆಕ್ಸ್ ಕರಾವಳಿಯ ರಸ್ಟಿಂಗ್‌ಟನ್ನಿನಲ್ಲಿ ಮನೆ ಮಾಡಿಕೊಂಡು, ಹಾಯಿದೋಣಿಯಲ್ಲಿ ಬಿರುಗಾಳಿಗೆ ಎದೆಯೊಡ್ಡುವುದನ್ನು ಜೀವನದ ದೊಡ್ಡ ಸುಖವೆಂದು ತಿಳಿದಿದ್ದ ಈತ, ಕಡಲು ನೋಡುತ್ತ ಕುಳಿತ ರೋಗಿಗಳ ಊರಿನಲ್ಲಿ ಹುಟ್ಟಿದವನೆಂಬುದು ಸೋಜಿಗ.

ಬೋರ್ನ್‌ಮತ್ತಿಗೆ ರೈಲು 1870ರಲ್ಲಿ ಬಂತು. ಲಂಡನ್ನಿನಿಂದ ನೇರವಾದ ಹಾದಿ 1888ರಲ್ಲಿ ಸಿದ್ಧವಾಯಿತು. ಶತಮಾನದ ನಡುವೆ ಸಾವಿರ ಜನವೂ ಇರದಿದ್ದ ಊರು ಶತಮಾನದ ಕೊನೆಗೆ ನಲವತ್ತು ಸಾವಿರ ದಾಟಿತು. 1877ರಲ್ಲಿ ಖಾಸಗಿ ಕಂಪನಿಯೊಂದು ವಿಂಟರ್ ಗಾರ್ಡನ್ಸ್ ಎಂಬ, ಗಾಜು ಮತ್ತು ಕಬ್ಬಿಣದ ಸಭಾಂಗಣವನ್ನು ಕಟ್ಟಿತು. ಹೆಸರೇ ಹೇಳುವಂತೆ ಚಳಿಗಾಲದಲ್ಲಿ ಹಸಿರಿನ ನಡುವೆ ಬೆಚ್ಚಗೆ ಕೂರುವ ಜಾಗ ಅದು. ಕಂಪನಿ ಅದರಿಂದ ಲಾಭ ಕಾಣಲಿಲ್ಲ. 1890ರಲ್ಲಿ ನಗರಸಭೆಯ ಸ್ಥಾನ ಪಡೆದ ಬೋರ್ನ್‌ಮತ್ ಆ ಸಭಾಂಗಣವನ್ನು ತನ್ನ ಕೈಗೆ ತೆಗೆದುಕೊಂಡು, ಮೂವತ್ತು ವಾದಕರ ತಂಡವನ್ನು ಒದಗಿಸುವ ಗುತ್ತಿಗೆಯನ್ನು ಇಪ್ಪತ್ತನಾಲ್ಕರ ತರುಣ ಡ್ಯಾನ್ ಗಾಡ್‌ಫ್ರೀಗೆ ಕೊಟ್ಟಿತು. ಗಾಡ್‌ಫ್ರೀಯದು ಸೇನಾ ಬ್ಯಾಂಡಿನ ಮನೆತನ. ತಂದೆ ಅದೇ ಹೆಸರಿನ, ಗ್ರೆನೇಡಿಯರ್ ಗಾರ್ಡ್ಸ್ ಪಡೆಯ ಖ್ಯಾತ ಬ್ಯಾಂಡ್‌ಮಾಸ್ಟರ್. 1893ರ ಮೇ 22ರಂದು ಮೊದಲ ಕಛೇರಿ ನಡೆಯಿತು. ಕಡಲೊಳಗೆ ಚಾಚಿದ ಕಟ್ಟೆಯ ಮೇಲೆ ಸೇನಾ ಬ್ಯಾಂಡಾಗಿ, ಸಭಾಂಗಣದೊಳಗೆ ತಂತಿವಾದ್ಯಗಳ ವೃಂದವಾಗಿ ನುಡಿಸಬೇಕಿದ್ದುದರಿಂದ ಹಲವು ವಾದಕರು ಎರಡೆರಡು ವಾದ್ಯಗಳಲ್ಲಿ ಕೈ ಪಳಗಿಸಿಕೊಂಡಿರಬೇಕಿತ್ತು. 1895ರಲ್ಲಿ ಸಿಂಫನಿ ಕಛೇರಿಗಳು ಶುರುವಾದವು. ಮರುವರ್ಷ ತಂಡ ಗುತ್ತಿಗೆಯಿಂದ ಬಿಡುಗಡೆ ಹೊಂದಿ ನೇರವಾಗಿ ನಗರಸಭೆಯ ವಾದ್ಯವೃಂದವಾಯಿತು. ಬೀದಿದೀಪ, ಚರಂಡಿಗಳ ಲೆಕ್ಕದ ಪಕ್ಕದಲ್ಲಿ ಪಿಟೀಲುವಾದಕರ ಸಂಬಳದ ಲೆಕ್ಕವೂ ಸೇರಿತು. ನಗರಸಭೆಯಲ್ಲಿ ಇದರ ಮೇಲೆ ಜಗಳಗಳು ನಡೆದೇ ಇದ್ದವು. ಮನೆಕಂದಾಯ ಕಟ್ಟುವ ಅಂಗಡಿಕಾರನಿಗೆ ಬೀಥೋವನ್ ಏಕೆ ಬೇಕು ಎಂಬ ಪ್ರಶ್ನೆಗೆ ಗಾಡ್‌ಫ್ರೀಯ ಜೀವಮಾನವೆಲ್ಲ ಉತ್ತರ ಹುಡುಕುವುದರಲ್ಲಿಯೇ ಕಳೆಯಿತು.

ಉತ್ತರ ಇದ್ದದ್ದು ಕೇಳುಗರ ಸ್ವರೂಪದಲ್ಲಿ. ಬೇಸಗೆಯ ಪಟ್ಟಣದಲ್ಲಿ ಕೇಳುಗರು ದಿನದಿನಕ್ಕೆ, ಹೆಚ್ಚೆಂದರೆ ವಾರವಾರಕ್ಕೆ ಬದಲಾಗುತ್ತಾರೆ. ಆದ್ದರಿಂದ ಅದೇ ಹತ್ತು ಜನಪ್ರಿಯ ಧಾಟಿಗಳನ್ನು ನೂರು ದಿನ ನುಡಿಸಿದರೂ ಯಾರೂ ಆಕ್ಷೇಪಿಸುವುದಿಲ್ಲ. ಚಳಿಗಾಲದ ಪಟ್ಟಣದಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅದೇ ಮುಖಗಳು ಅದೇ ಕುರ್ಚಿಗಳಲ್ಲಿ ಕೂರುತ್ತವೆ, ಮತ್ತು ಅವರಲ್ಲಿ ಬಹುಮಂದಿ ಓದಿದವರು, ಪಿಂಚಣಿದಾರರು, ವಸಾಹತುಗಳಿಂದ ಮರಳಿದ ಅಧಿಕಾರಿಗಳು, ಮನೆಯಲ್ಲಿ ಪಿಯಾನೊ ಕಲಿತ ಹೆಂಗಸರು. ಇವರನ್ನು ಉಳಿಸಿಕೊಳ್ಳಬೇಕಾದರೆ ಕಾರ್ಯಕ್ರಮ ಪ್ರತಿವಾರ ಹೊಸದಾಗಬೇಕು. ಹೊಸ ಕೃತಿಗಳನ್ನು ನುಡಿಸುವ ಗಾಡ್‌ಫ್ರೀಯ ಹಟ ಪ್ರಸಿದ್ಧವಾದದ್ದು. ಅದರಲ್ಲಿಯೂ ಲಂಡನ್ನಿನಲ್ಲಿ ಒಮ್ಮೆ ಕೇಳಿ ಮರೆತುಬಿಟ್ಟ ಇಂಗ್ಲಿಷ್ ರಚನಕಾರರಿಗೆ ಎರಡನೆಯ ಪ್ರಯೋಗ ದೊರಕುತ್ತಿದ್ದುದು ಇಲ್ಲಿಯೇ. ಪ್ಯಾರಿ, ಸ್ಟ್ಯಾನ್‌ಫರ್ಡ್, ಎಲ್ಗಾರ್, ಎಥೆಲ್ ಸ್ಮಿತ್ ಮುಂತಾದವರು ಬಂದು ತಮ್ಮ ಕೃತಿಗಳನ್ನು ತಾವೇ ನಿರ್ದೇಶಿಸಿದರು. ಇದರ ಹಿಂದೆ ದೇಶಾಭಿಮಾನವಿತ್ತೆಂಬ ವಿವರಣೆಗಿಂತ, ಕದಲದ ಕೇಳುಗರ ಒತ್ತಡವಿತ್ತೆಂಬ ವಿವರಣೆ ಹೆಚ್ಚು ಗಟ್ಟಿಯಾದದ್ದು. ಕಛೇರಿಗಳು ಮಧ್ಯಾಹ್ನ ನಡೆಯುತ್ತಿದ್ದುದೂ ರಾತ್ರಿಯ ಶೀತಕ್ಕೆ ಹೆದರುವ ಊರಿಗೆ ಒಪ್ಪುವಂತೆಯೇ ಇತ್ತು. ಅದರ ಜೊತೆಗೆ, ಲಂಡನ್ನಿನಿಂದ ನೂರು ಮೈಲಿ ರೈಲಿನಲ್ಲಿ ಬಂದ ವಿಮರ್ಶಕ ಅದೇ ರಾತ್ರಿ ಮರಳಿ ತನ್ನ ಪತ್ರಿಕೆಗೆ ಬರೆದುಕೊಡುವುದಕ್ಕೂ ಅದು ಅನುಕೂಲವಾಗಿತ್ತು. ಆದರೂ ಲಂಡನ್ನಿನ ವಿಮರ್ಶಕರು ಬಂದದ್ದು ವಿರಳ. ತಾವಿರುವ ನಗರದಲ್ಲಿ ನಡೆದದ್ದೇ ಮೊದಲ ಪ್ರಯೋಗ, ಉಳಿದದ್ದೆಲ್ಲ ಪುನರಾವರ್ತನೆ ಎಂಬ ಅವರ ಧೋರಣೆಯಿಂದಾಗಿ, ಈ ವೃಂದದ ಅತ್ಯುತ್ತಮ ದಶಕಗಳ ಬಗ್ಗೆ ಸ್ಥಳೀಯ ಪತ್ರಿಕೆಗಳ ವರದಿಗಳೇ ಹೆಚ್ಚಾಗಿ ಉಳಿದಿವೆ.

ಎರಡನೆಯ ಪ್ರಯೋಗ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ವಾನ್ ವಿಲಿಯಮ್ಸ್‌ನ ‘ಎ ಲಂಡನ್ ಸಿಂಫನಿ’ಯ ಉದಾಹರಣೆ ಸಾಕು. 1914ರ ಮಾರ್ಚ್ 27ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಮೊದಲು ನುಡಿದ ಈ ಕೃತಿಯ ಮೂಲ ಸ್ವರಲಿಪಿಯನ್ನು ಜರ್ಮನಿಗೆ ಕಳುಹಿಸಲಾಗಿತ್ತು. ಅಷ್ಟರಲ್ಲಿ ಮಹಾಯುದ್ಧ ಹೊತ್ತಿಕೊಂಡು ಅದು ಕಳೆದುಹೋಯಿತು. ವಾದಕರ ಬಿಡಿಪ್ರತಿಗಳು ಮಾತ್ರ ಉಳಿದಿದ್ದವು. ರಚನಕಾರನ ಗೆಳೆಯರಾದ ಜಾರ್ಜ್ ಬಟರ್‌ವರ್ತ್, ಜೆಫ್ರಿ ಟಾಯ್ ಮತ್ತು ಎಡ್ವರ್ಡ್ ಡೆಂಟ್ ಅವುಗಳನ್ನು ಒಂದರ ಕೆಳಗೊಂದು ಜೋಡಿಸಿ ಪೂರ್ಣ ಸ್ವರಲಿಪಿಯನ್ನು ಮತ್ತೆ ಕಟ್ಟಿದರು. ಹೀಗೆ ಮರಳಿ ಪಡೆದ ಸಿಂಫನಿಯನ್ನು 1915ರ ಫೆಬ್ರುವರಿ 11ರಂದು ನುಡಿಸಿದ್ದು ಬೋರ್ನ್‌ಮತ್ತಿನಲ್ಲಿ ಗಾಡ್‌ಫ್ರೀ. ಬಟರ್‌ವರ್ತ್ ಮರುವರ್ಷ ಆಗಸ್ಟಿನಲ್ಲಿ ಸೋಮ್ ನದಿಯ ಕದನದಲ್ಲಿ ಮಡಿದ.

ನೆರೆಯ ಪಟ್ಟಣಗಳು ಬೇರೆ ಬೇರೆ ದಾರಿ ಹಿಡಿದವು. ಈಸ್ಟ್‌ಬೋರ್ನ್‌ನಲ್ಲಿ ಭೂಮಿಯ ಒಡೆಯನಾಗಿದ್ದ ಡೆವನ್‌ಷೈರ್ ಡ್ಯೂಕ್‌ನ ಆಶ್ರಯದಲ್ಲಿ 1870ರ ದಶಕದಿಂದ ವಾದ್ಯವೃಂದವಿತ್ತು. ಸಮುದ್ರದ ನೀರನ್ನೇ ತುಂಬಿಸಿದ ಒಳಾಂಗಣ ಈಜುಕೊಳವೂ ಸಂಗೀತದ ಉದ್ಯಾನವೂ ಅಲ್ಲಿ ಒಂದೇ ಕಂಪನಿಯ ಕೈಯಲ್ಲಿದ್ದವು. 1905ರಲ್ಲಿ ಡೆಬ್ಯುಸಿ ತನ್ನ ಕಡಲಿನ ಕೃತಿ ‘ಲ ಮೇರ್’ನ ಅಚ್ಚಿನ ಕರಡನ್ನು ತಿದ್ದಿ ಮುಗಿಸಿದ್ದು ಈ ಊರಿನ ಹೋಟೆಲಿನಲ್ಲಿ, ಆದರೆ ಬೇಸಗೆಯಲ್ಲಿ. ಟಾರ್ಕಿ ಮತ್ತು ಹೇಸ್ಟಿಂಗ್ಸ್ ಪಟ್ಟಣಗಳು ಇಪ್ಪತ್ತನೆಯ ಶತಮಾನದಲ್ಲಿ ಬೋರ್ನ್‌ಮತ್ತಿನ ಮಾದರಿಯನ್ನು ಅನುಸರಿಸಿ ನಗರಸಭೆಯ ವೃಂದಗಳನ್ನು ಕಟ್ಟಿದವು. ಅವು ಎರಡನೆಯ ಮಹಾಯುದ್ಧವನ್ನು ದಾಟಿ ಬಹುಕಾಲ ಬಾಳಲಿಲ್ಲ.

ಇತ್ತ ಕಡಲಿಗಿಳಿಯುವ ರೂಢಿಯೂ ರೂಪ ಬದಲಿಸಿತ್ತು. ಬ್ರೈಟನ್ನಿನಲ್ಲಿ 1860ರಲ್ಲಿಯೂ, ಲಂಡನ್ನಿನ ಸರ್ಪೆಂಟೈನ್ ಸರೋವರದಲ್ಲಿ 1864ರಲ್ಲಿಯೂ ಈಜುಸಂಘಗಳು ಹುಟ್ಟಿದವು. ಸರ್ಪೆಂಟೈನ್ ಸಂಘದ ಕ್ರಿಸ್ಮಸ್ ಬೆಳಗಿನ ಪಂದ್ಯಕ್ಕೆ 1904ರಲ್ಲಿ ನಾಟಕಕಾರ ಜೆ. ಎಂ. ಬ್ಯಾರಿ ಬಟ್ಟಲೊಂದನ್ನು ಬಹುಮಾನವಾಗಿ ಕೊಟ್ಟ. 1875ರ ಆಗಸ್ಟಿನಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು 21 ಗಂಟೆ 45 ನಿಮಿಷಗಳಲ್ಲಿ ಈಜಿ ದಾಟಿದ ಮೇಲೆ, ಮುಳುಗು ಹಾಕಿಸಿಕೊಳ್ಳುವ ರೋಗಿಯ ಜಾಗಕ್ಕೆ ಕೈಬೀಸಿ ಈಜುವ ಆರೋಗ್ಯವಂತ ಬಂದ. ಗಂಡಸರೂ ಹೆಂಗಸರೂ ಒಟ್ಟಿಗೆ ನೀರಿಗಿಳಿಯಲು ಬೆಕ್ಸ್‌ಹಿಲ್ ಪಟ್ಟಣ 1901ರಲ್ಲಿ ಅನುಮತಿ ಕೊಟ್ಟಿತು. ಗಾಲಿಗಳ ಗೂಡುಗಳು ಒಂದೊಂದಾಗಿ ತೀರದ ಮೇಲೆಯೇ ನಿಂತು ಬಟ್ಟೆ ಬದಲಾಯಿಸುವ ಕೋಣೆಗಳಾದವು. ಫೆಬ್ರುವರಿಯಲ್ಲಿ 8 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವ ಆ ನೀರಿಗೆ ವೈದ್ಯರ ಚೀಟಿಯಿಲ್ಲದೆ ಇಳಿಯುವವರನ್ನು ವಿಲಕ್ಷಣರೆಂದು ಕಾಣುವ ಕಾಲ ಹೀಗೆ ಶುರುವಾಯಿತು. ಸಸ್ಯಾಹಾರಿಯೂ ಕಟ್ಟಾ ವ್ರತಸ್ಥನೂ ಆಗಿದ್ದ ಷಾ ಈ ವಿಲಕ್ಷಣರ ಸಾಲಿಗೆ ಸೇರಿದವನು. 1907ರಲ್ಲಿ ವೇಲ್ಸ್ ಕರಾವಳಿಯ ಲಾನ್‌ಬೆಡರ್‌ನಲ್ಲಿ ನಟ ರಾಬರ್ಟ್ ಲೊರೇನ್‌ನೊಂದಿಗೆ ಈಜಲು ಹೋಗಿ ಸೆಳೆತಕ್ಕೆ ಸಿಕ್ಕಿ, ಇನ್ನೇನು ಮುಗಿಯಿತು ಎನ್ನುವಾಗ ಕಾಲಿಗೆ ಮರಳದಿಬ್ಬ ತಗುಲಿ ಆತ ಬದುಕಿದ. ಆಮೇಲೂ ಇಳಿವಯಸ್ಸಿನವರೆಗೆ ಈಜು ಬಿಡಲಿಲ್ಲ.

ವಿಮರ್ಶಕರ ವರ್ಷವನ್ನು ಋತುಗಳೇ ಸೀಳಿದ್ದಕ್ಕೆ ಕನ್ನಡದ ಕ್ರಿಕೆಟ್ ಪ್ರಿಯರಿಗೂ ಪರಿಚಿತನಾದ ನೆವಿಲ್ ಕಾರ್ಡಸ್ ಒಳ್ಳೆಯ ಸಾಕ್ಷಿ. ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ಬೇಸಗೆಯಲ್ಲಿ ಕ್ರಿಕೆಟ್ ವರದಿ, ಚಳಿಗಾಲದಲ್ಲಿ ಹ್ಯಾಲೆ ವಾದ್ಯವೃಂದದ ಕಛೇರಿಗಳ ವಿಮರ್ಶೆ ಎಂಬ ಏರ್ಪಾಡಿನಲ್ಲಿ ಆತ ಬರೆದ. 1927ರಿಂದ ಆ ಪತ್ರಿಕೆಯ ಮುಖ್ಯ ಸಂಗೀತವಿಮರ್ಶಕನೂ ಆದ. ಎರಡೂ ಕೆಲಸಗಳನ್ನು ಒಬ್ಬನೇ ಮಾಡಲು ಸಾಧ್ಯವಾದದ್ದು ಅವನ ಪ್ರತಿಭೆಯಿಂದ ಎಷ್ಟೋ, ಇಂಗ್ಲೆಂಡಿನ ಹವಾಮಾನ ಎರಡು ಋತುಗಳನ್ನು ಕೂಡಲು ಬಿಡದಿದ್ದುದರಿಂದಲೂ ಅಷ್ಟೇ.

ಗಾಡ್‌ಫ್ರೀಗೆ 1922ರಲ್ಲಿ ಸರ್ ಪದವಿ ಬಂತು; 1934ರಲ್ಲಿ ಆತ ನಿವೃತ್ತನಾದ, ಮರುವರ್ಷ ಗಾಜಿನ ಸಭಾಂಗಣವನ್ನು ಕೆಡವಲಾಯಿತು. ಅದೇ ನಿವೇಶನದಲ್ಲಿ ಒಳಾಂಗಣ ಚೆಂಡಾಟಕ್ಕೆಂದು ಕಟ್ಟಿದ ಇನ್ನೊಂದು ಕಟ್ಟಡ 1947ರಲ್ಲಿ ಕಛೇರಿಗಳ ಸಭಾಂಗಣವಾಗಿ ಮಾರ್ಪಟ್ಟಾಗ, ನಾತ್ಸಿ ಶಿಬಿರಗಳಿಂದ ಬದುಕಿ ಬಂದ ರುಡಾಲ್ಫ್ ಶ್ವಾರ್ಟ್ಸ್ ವೃಂದದ ನಿರ್ದೇಶಕನಾಗಿದ್ದ. ಸಂಗೀತಕ್ಕೆ ಯಾರು ಹಣ ಕೊಡಬೇಕೆಂಬ ಪ್ರಶ್ನೆ ಈ ವರ್ಷಗಳಲ್ಲಿ ಮತ್ತೆ ತೀವ್ರವಾಯಿತು. 1948ರ ಸ್ಥಳೀಯಾಡಳಿತ ಕಾಯಿದೆ, ಪೌಂಡಿಗೆ ಆರು ಪೆನ್ಸಿನವರೆಗಿನ ಕಂದಾಯವನ್ನು ಮನರಂಜನೆಗೆ ಖರ್ಚು ಮಾಡಲು ಎಲ್ಲ ನಗರಸಭೆಗಳಿಗೂ ಅಧಿಕಾರ ಕೊಟ್ಟಿತು. ಅಂದರೆ ಬೋರ್ನ್‌ಮತ್ ಅರ್ಧ ಶತಮಾನ ನಡೆಸಿದ ಪ್ರಯೋಗ ದೇಶದ ನಿಯಮವಾಯಿತು. ವಿಚಿತ್ರವೆಂದರೆ ಅದೇ ಹೊತ್ತಿಗೆ ಲಂಡನ್ನಿನ ಹೊಸ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ನೆರವು ಹೋಗುತ್ತಿದ್ದುದು ಮೈಸೂರಿನಿಂದ. ಮಹಾರಾಜ ಜಯಚಾಮರಾಜ ಒಡೆಯರ್ ಅವರು ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ, ರಷ್ಯಾದ ರಚನಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿಗೆ ಕೇಳಿಬಂದದ್ದೂ ಅವರ ಪ್ರೋತ್ಸಾಹದಿಂದ. ಒಂದು ವೃಂದ ಅರಮನೆಯ ಔದಾರ್ಯದಿಂದ, ಇನ್ನೊಂದು ಅಂಗಡಿ ಮುಂಗಟ್ಟಿನ ಕಂದಾಯದಿಂದ ಉಸಿರಾಡಿದವು. ಎರಡನೆಯದು ಸಂಗೀತಕ್ಕೆ ಹೆಚ್ಚು ಕಿರಿಕಿರಿಯ ಒಡೆಯನಾದರೂ ಹೆಚ್ಚು ದಿನ ಬಾಳಿದ ಒಡೆಯ.

1954ರಲ್ಲಿ ವೃಂದದ ಆಡಳಿತ ನಗರಸಭೆಯಿಂದ ಪ್ರತ್ಯೇಕ ಸಂಘವೊಂದಕ್ಕೆ ವರ್ಗವಾಗಿ, ಬೋರ್ನ್‌ಮತ್ ಸಿಂಫನಿ ಆರ್ಕೆಸ್ಟ್ರಾ ಎಂಬ ಈಗಿನ ಹೆಸರು ಬಂತು. ಆ ವೇಳೆಗೆ ಕ್ಷಯಕ್ಕೆ ಔಷಧಿ ದೊರಕಿತ್ತು, ಚಳಿಗಾಲ ಕಳೆಯಬೇಕೆನ್ನುವವರು ದಕ್ಷಿಣ ಯುರೋಪಿಗೆ ಹೋಗತೊಡಗಿದ್ದರು, ಗಾಲಿಕುರ್ಚಿಗಳ ಸಾಲು ಕರಗಿತ್ತು. ರೋಗಿಗಳ ಸ್ನಾನಚಿಕಿತ್ಸೆಗೆಂದು 1885ರಲ್ಲಿ ತೆರೆದಿದ್ದ ಮಾಂಟ್ ಡೋರ್ ಎಂಬ ಭವ್ಯ ಹೋಟೆಲು ಮೂವತ್ತು ವರ್ಷಗಳ ಹಿಂದೆಯೇ ನಗರಸಭೆಯ ಆಡಳಿತ ಕಚೇರಿಯಾಗಿ ಮಾರ್ಪಟ್ಟಿತ್ತು. 1979ರಲ್ಲಿ ವೃಂದ ತನ್ನ ನೆಲೆಯನ್ನು ಪಕ್ಕದ ಪೂಲ್ ಪಟ್ಟಣಕ್ಕೆ ಬದಲಾಯಿಸಿತು. 2002ರಿಂದ 2008ರವರೆಗೆ ಮರೀನ್ ಆಲ್ಸಪ್ ಅದರ ಮುಖ್ಯ ನಿರ್ದೇಶಕಿಯಾಗಿದ್ದರು, ಬ್ರಿಟನ್ನಿನ ಪ್ರಮುಖ ವಾದ್ಯವೃಂದವೊಂದಕ್ಕೆ ಆ ಸ್ಥಾನದಲ್ಲಿ ಹೆಣ್ಣು ಬಂದದ್ದು ಅದೇ ಮೊದಲು. ವಿಂಟರ್ ಗಾರ್ಡನ್ಸ್‌ನ ಎರಡನೆಯ ಕಟ್ಟಡವನ್ನು 2006ರಲ್ಲಿ ಕೆಡವಲಾಯಿತು. ಪೂಲ್‌ನಲ್ಲಿದ್ದುಕೊಂಡು ಬೋರ್ನ್‌ಮತ್ತಿನ ಹೆಸರು ಹೊತ್ತಿರುವ ಅಸಂಗತಿಯನ್ನು ನಾಲ್ಕು ದಶಕ ಯಾರೂ ಸರಿಪಡಿಸಲು ಹೋಗಲಿಲ್ಲ. 2019ರ ಏಪ್ರಿಲ್‌ನಲ್ಲಿ ಎರಡೂ ಪಟ್ಟಣಗಳನ್ನು ನೆರೆಯ ಕ್ರೈಸ್ಟ್‌ಚರ್ಚ್‌ನೊಂದಿಗೆ ಒಂದೇ ಸ್ಥಳೀಯಾಡಳಿತಕ್ಕೆ ಸೇರಿಸಿದಾಗ ಕಾಗದದ ಮೇಲಾದರೂ ಅದು ತಾನಾಗಿ ನೇರ್ಪಟ್ಟಿತು.